ಲ್ಯಾಪ್‌ಟಾಪ್ ಕೊಟ್ಟಿರಿ, ಬಾಯಿ ಕೊಡಲಿಲ್ಲ: ಮುಂಬೈಯ ಕನ್ನಡ ಸಂಘಗಳಿಗೆ ಒಂದು ಬಹಿರಂಗ ಪತ್ರ

ಮುಂಬೈ, ಠಾಣೆ, ಕಲ್ಯಾಣ, ಮೀರಾ ರೋಡ್, ಹೀಗೆ ಎಲ್ಲೆಲ್ಲಿ ನಮ್ಮವರ ಸಂಘಗಳಿವೆಯೋ ಅಲ್ಲಿನ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಅದರಲ್ಲೂ ಖಜಾಂಚಿಗಳಿಗೆ ನಮಸ್ಕಾರ.

ನಾನು ಡೊಂಬಿವಲಿಯವನು. ಊರು ಕುಂದಾಪುರದ ಕಡೆ. ಅಪ್ಪ ಫೋರ್ಟ್‌ನ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷ ಗಲ್ಲಾದಲ್ಲಿ ಕೂತವರು. ನನಗೆ 19 ತುಂಬುವಷ್ಟರಲ್ಲಿ ಕಣ್ಣು ಪೂರ್ತಿ ಹೋಯಿತು. ರೆಟಿನೈಟಿಸ್ ಪಿಗ್ಮೆಂಟೋಸಾ ಅಂತ ಕಾಯಿಲೆಯ ಹೆಸರು. ಈಗ 45. ಅಂಧೇರಿಯ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಈ ಪತ್ರವನ್ನು ಯಾರಿಗೂ ಹೇಳಿ ಬರೆಸುತ್ತಿಲ್ಲ, ನಾನೇ ಟೈಪ್ ಮಾಡುತ್ತಿದ್ದೇನೆ, ಒತ್ತಿದ ಒಂದೊಂದು ಅಕ್ಷರವನ್ನೂ ಕಂಪ್ಯೂಟರ್ ಕಿವಿಯಲ್ಲಿ ಹೇಳುತ್ತಿದೆ. ಆ ದನಿಯ ಬೆಲೆಯ ಬಗ್ಗೆಯೇ ಈ ಪತ್ರ.

ಮೊದಲು ನಡೆದದ್ದು ಹೇಳುತ್ತೇನೆ.

ನಮ್ಮ ಪಕ್ಕದ ಬಿಲ್ಡಿಂಗ್‌ನಲ್ಲಿ ಬೈಂದೂರು ಕಡೆಯ ಒಂದು ಕುಟುಂಬ ಇದೆ. ಅಪ್ಪ ಘಾಟ್‌ಕೋಪರ್‌ನ ಹೋಟೆಲಿನಲ್ಲಿ, ಅಮ್ಮ ಮನೆಯಲ್ಲೇ ಹಪ್ಪಳ ಉಪ್ಪಿನಕಾಯಿ ಮಾಡಿ ಕೊಡುತ್ತಾರೆ. ಮಗಳು ಹನ್ನೊಂದನೇ ಕ್ಲಾಸ್. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹತ್ತನೇ ಕ್ಲಾಸಿನಲ್ಲಿ ಒಳ್ಳೆ ಮಾರ್ಕ್ಸ್ ಬಂತು ಅಂತ ಒಂದು ಸಂಘ (ಯಾವುದು ಅಂತ ಹೇಳುವುದಿಲ್ಲ, ಹೇಳಿದರೆ ಉಳಿದವರು ಸುಮ್ನೆ ನಿಟ್ಟುಸಿರು ಬಿಡುತ್ತೀರಿ) ವಿದ್ಯಾರ್ಥಿವೇತನ ವಿತರಣೆಯ ದಿನ ಅವಳನ್ನು ಸ್ಟೇಜಿಗೆ ಕರೆದು ಲ್ಯಾಪ್‌ಟಾಪ್ ಕೊಟ್ಟಿತು. ಚಪ್ಪಾಳೆ, ಫೋಟೋ, ಊಟ. ಎಲ್ಲ ಚೆನ್ನಾಗಿತ್ತಂತೆ.

ಎಂಟು ತಿಂಗಳ ಮೇಲೆ ಅವಳ ಅಮ್ಮ ನನಗೆ ಫೋನ್ ಮಾಡಿದರು. "ಅಣ್ಣಾ, ನಿಮ್ಗೆ ಕಂಪ್ಯೂಟರ್ ಗೊತ್ತಲ್ದಾ, ಒಂದ್ಸಲ ಬಂದ್ ಕಾಣಿ ಮಾರಾಯ್ರೆ" ಅಂದರು. ಹೋದೆ. ಗೋದ್ರೇಜ್ ಕಪಾಟಿನ ಮೇಲಿನ ಖಾನೆಯಿಂದ ಡಬ್ಬ ಇಳಿಸಿ ನನ್ನ ಮುಂದೆ ಇಟ್ಟರು. ಕೈಯಾಡಿಸಿದರೆ ಒಣಗಿದ ಸೇವಂತಿಗೆ ಸಿಕ್ಕಿತು. ಆಯುಧ ಪೂಜೆಗೆ ಇಟ್ಟಿದ್ದರಂತೆ. ಲ್ಯಾಪ್‌ಟಾಪ್‌ಗೆ ಅಷ್ಟೂ ದಿನದಲ್ಲಿ ಆದ ಉಪಯೋಗ ಅದೊಂದೇ, ಪೂಜೆ ಮಾಡಿಸಿಕೊಂಡದ್ದು.

ಯಾಕೆ ಅಂದರೆ, ಕೊಟ್ಟವರು "ಮನೆಗೆ ಹೋಗಿ" ಅಂದರು, ಕಂಪ್ಯೂಟರ್ ಅಂಗಡಿಯವರು "ಅಂಧರ ಸಾಫ್ಟ್‌ವೇರ್ ಬೇಕು, ಒಂದು ಲಕ್ಷ ಆಗುತ್ತೆ" ಅಂದರು. ಒಂದು ಲಕ್ಷ! ಲ್ಯಾಪ್‌ಟಾಪ್‌ನ ಬೆಲೆಯೇ ಮೂವತ್ತು ಚಿಲ್ಲರೆ ಸಾವಿರ. ಅದೇ ಅಂಗಡಿಯವನು ಆಮೇಲೆ ದನಿ ತಗ್ಗಿಸಿ, 500 ರೂಪಾಯಿ ಕೊಟ್ಟರೆ "ಜುಗಾಡ್" ಮಾಡಿ ಹಾಕಿಕೊಡುತ್ತೇನೆ ಅಂದನಂತೆ. ಕಳ್ಳ ಮಾಲು ಬೇಡ ಅಂತ ಇವರು ವಾಪಸ್ ಬಂದರು. ಡಬ್ಬ ಕಪಾಟು ಸೇರಿತು.

ನಾನು ಲ್ಯಾಪ್‌ಟಾಪ್ ಆನ್ ಮಾಡಿಸಿ ಮೂರು ಕೀ ಒಟ್ಟಿಗೆ ಒತ್ತಿದೆ. ಕಂಟ್ರೋಲ್, ವಿಂಡೋಸ್, ಎಂಟರ್. ನರೇಟರ್ ಅಂತ ವಿಂಡೋಸ್ ಒಳಗೇ ಇರುವ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್, ಮಾತಾಡತೊಡಗಿತು. ದುಡ್ಡಿಲ್ಲ, ಡೌನ್‌ಲೋಡ್ ಇಲ್ಲ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇದು ಮೊದ್ಲೇ ಇದ್ರಲ್ಲಿ ಇತ್ತಾ ಮಾಮ?" ಅಂತ ಕೇಳಿದಳು.

ಇತ್ತು ಅಂದೆ. ಬೇರೆ ಏನು ಹೇಳುವುದು.

ನೋಡಿ, ಕೊಟ್ಟವರ ಮನಸ್ಸಿನ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಸಂಘಗಳು ಮಾಡಿದ್ದು ಕಡಿಮೆಯೇನಲ್ಲ. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಶಾಲೆಗೆ ಹೋಗಿ ಮೇಲೆ ಬಂದ ಹುಡುಗರ ಕತೆ ಈ ಊರಿನ ಕನ್ನಡಿಗರಿಗೆಲ್ಲ ಗೊತ್ತು, ಆ ರಾತ್ರಿ ಶಾಲೆಗಳನ್ನು ಕಟ್ಟಿದವರು ನೀವೇ, ನಿಮ್ಮ ಹಿರಿಯರೇ. ಅದಕ್ಕೇ ಈ ಪತ್ರ ಸರ್ಕಾರಕ್ಕೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ. ಸರ್ಕಾರಕ್ಕೆ ಬರೆದ ಪತ್ರಗಳ ಒಂದು ಫೈಲೇ ನನ್ನ ಹತ್ತಿರ ಇದೆ, ಅದರ ಬಗ್ಗೆ ಇನ್ನೊಮ್ಮೆ.

ಈಗ ಆ ಒಂದು ಲಕ್ಷದ ವಿಷಯ. ಅಂಗಡಿಯವನು ಪೂರ್ತಿ ಸುಳ್ಳು ಹೇಳಿರಲಿಲ್ಲ.

ಅವನು ಹೇಳಿದ್ದು ಜಾಸ್ ಅನ್ನುವ ಸ್ಕ್ರೀನ್ ರೀಡರ್ ಬಗ್ಗೆ. ಜಾಬ್ ಆಕ್ಸೆಸ್ ವಿತ್ ಸ್ಪೀಚ್ ಅನ್ನುವುದರ ಮೊದಲಕ್ಷರಗಳು. ಮಾಡಿದವರು ಅಮೆರಿಕದ ಟೆಡ್ ಹೆಂಟರ್. ಮೋಟರ್‌ಸೈಕಲ್ ರೇಸ್ ಓಡಿಸುತ್ತಿದ್ದ ಮನುಷ್ಯ, 1978ರಲ್ಲಿ ಕಾರ್ ಅಪಘಾತದಲ್ಲಿ ಕಣ್ಣು ಹೋಯಿತು, ಆಮೇಲೆ ಪ್ರೋಗ್ರಾಮಿಂಗ್ ಕಲಿತರು. 1989ರಲ್ಲಿ ವಿಂಡೋಸ್‌ಗಿಂತ ಹಿಂದಿನ ಡಾಸ್‌ಗೆ, 1995ರಲ್ಲಿ ವಿಂಡೋಸ್‌ಗೆ ಜಾಸ್ ಬಂತು. ಆ ಕಾಲಕ್ಕೆ ಫ್ಲಿಪ್ಪರ್ ಅಂತ ಡಾಲ್ಫಿನ್ ಹೆಸರಿನ ಇನ್ನೊಂದು ಸ್ಕ್ರೀನ್ ರೀಡರ್ ಇತ್ತಂತೆ, ಅದಕ್ಕೆ ಎದುರಾಗಿ ಇವರು ಶಾರ್ಕ್ ಮೀನಿನ ಸಿನಿಮಾದ ಹೆಸರು ಹಿಡಿದರು. ನಮ್ಮ ಕಡೆ ತಾಟೆ ಅಂತೀವಲ್ಲ, ಆ ಮೀನು. ಹೆಸರಿಗೆ ತಕ್ಕ ಹಾಗೆ ಜೇಬಿಗೂ ಬಾಯಿ ಹಾಕುತ್ತದೆ. ಅಮೆರಿಕದಲ್ಲೇ ಒಮ್ಮೆ ಕೊಂಡು ಇಟ್ಟುಕೊಳ್ಳುವ ಲೈಸೆನ್ಸ್‌ಗೆ ಸಾವಿರ ಡಾಲರ್ ಆಸುಪಾಸು. ಮನೆ ಬಳಕೆಗೆ ಒಂದು ರೇಟು, ಕಚೇರಿ ಬಳಕೆಗೆ ಅದಕ್ಕಿಂತ ಜಾಸ್ತಿ, ಹೊಸ ಆವೃತ್ತಿ ಬಂದಾಗ ಮತ್ತೆ ದುಡ್ಡು.

ನಾನು ಕಂಪ್ಯೂಟರ್ ಕಲಿತದ್ದು 2001ರಲ್ಲಿ. ಲೈಸೆನ್ಸ್ ಇಲ್ಲದ ಜಾಸ್ ಒಂದು ಉಪಕಾರ ಮಾಡುತ್ತದೆ. 40 ನಿಮಿಷ ಪುಕ್ಕಟೆ ಓಡುತ್ತದೆ. ಆಮೇಲೆ ಬಾಯಿ ಮುಚ್ಚುತ್ತದೆ, ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಶುರು ಮಾಡಿದರೆ ಇನ್ನೊಂದು 40 ನಿಮಿಷ. ಕೊಂಡುಕೊಳ್ಳುವ ಮೊದಲು ನೋಡಲಿ ಅಂತ ಕಂಪನಿ ಇಟ್ಟ ಸೌಲಭ್ಯ ಅದು, ನಾವು ಅದರಲ್ಲೇ ಸಂಸಾರ ಮಾಡಿದೆವು. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದರೆ ಕುರ್ಲಾ ಬರುವಷ್ಟು ಹೊತ್ತು ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಬರೆಯಬೇಕು, ಸೇವ್ ಮಾಡಬೇಕು, ಇಳಿಯಬೇಕು. ಹಳೇ ಕಂಪ್ಯೂಟರ್ ಮತ್ತೆ ಏಳುವುದಕ್ಕೆ ಐದು ನಿಮಿಷ. ಒಂದು ಅರ್ಜಿ ಟೈಪ್ ಮಾಡುತ್ತಾ ಕೊನೆಯ ಸಾಲಿನಲ್ಲಿ ಇರುವಾಗ ದನಿ ಹೋದರೆ, ಸೇವ್ ಆಯಿತೋ ಇಲ್ಲವೋ ಅಂತ ಗೊತ್ತಾಗುವುದಿಲ್ಲ, ಕಂಟ್ರೋಲ್ ಎಸ್ ಒತ್ತಿ ದೇವರ ಮೇಲೆ ಭಾರ ಹಾಕುವುದು. ಇವತ್ತಿಗೂ ನಾನು ಎರಡು ಸಾಲಿಗೊಮ್ಮೆ ಕಂಟ್ರೋಲ್ ಎಸ್ ಒತ್ತುತ್ತೇನೆ. ಹೆಂಡತಿ ನಗುತ್ತಾಳೆ.

ಆಮೇಲೆ ಯಾರೋ ಒಂದು ಸಿಡಿ ಕೊಟ್ಟರು. ಕ್ರ್ಯಾಕ್ ಮಾಡಿದ ಜಾಸ್. ಹೌದು, ಬಳಸಿದೆ. ವರ್ಷಗಟ್ಟಲೆ ಬಳಸಿದೆ. ನನ್ನ ಗೆಳೆಯರು ಬಳಸಿದರು. ತಪ್ಪು ಅಂತ ಗೊತ್ತಿತ್ತು. ಆಗ ಅಪ್ಪನ ಸಂಬಳ ತಿಂಗಳಿಗೆ ನಾಲ್ಕು ಸಾವಿರ. ಲೆಕ್ಕ ನೀವೇ ಹಾಕಿ.

ಈ ಬೆಲೆ ಯಾಕೆ ಇಷ್ಟು ಅಂತ ನಾನು ತುಂಬಾ ಯೋಚಿಸಿದ್ದೇನೆ. ಕೊಳ್ಳುವವರು ಕಡಿಮೆ, ಕೆಲಸ ಜಾಸ್ತಿ, ಅದು ಒಂದು. ವಿಂಡೋಸ್ ಬದಲಾದರೆ, ಆಫೀಸ್ ಬದಲಾದರೆ, ಬ್ರೌಸರ್ ಬದಲಾದರೆ, ಪ್ರತಿ ಸಲ ಇವರೂ ಹಿಂದೆ ಓಡಬೇಕು. ಆದರೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅಮೆರಿಕದಲ್ಲಿ ಈ ಸಾಫ್ಟ್‌ವೇರಿಗೆ ಬಹಳ ಸಲ ದುಡ್ಡು ಕೊಡುವವರು ಬಳಸುವವರಲ್ಲ. ಅಲ್ಲಿನ ರಾಜ್ಯಗಳ ಪುನರ್ವಸತಿ ಇಲಾಖೆಯೋ ಕೆಲಸ ಕೊಟ್ಟ ಕಂಪನಿಯೋ ಶಾಲೆಯೋ ಕೊಡುತ್ತದೆ. ಅಂದರೆ ಆ ರೇಟು ಒಂದು ಸಂಸ್ಥೆಯ ತಿಜೋರಿ ನೋಡಿ ಹಾಕಿದ್ದು. ಅದೇ ರೇಟು ಸಮುದ್ರ ದಾಟಿ ಇಲ್ಲಿಗೆ ಬಂತು, ತಿಜೋರಿ ಮಾತ್ರ ಬರಲಿಲ್ಲ. ಇಲ್ಲಿ ಅದು ಹೋಟೆಲ್ ಗಲ್ಲಾದಲ್ಲಿ ಕೂತವನ ಅಂಗಿ ಜೇಬಿನ ಮುಂದೆ ಕೈ ಚಾಚಿ ನಿಂತಿದೆ.

ನಾನು ಹೇಳಬೇಕು ಅಂತಿರುವುದು ಇಷ್ಟೇ. ಈ ಬೆಲೆಯನ್ನು ಒಬ್ಬೊಬ್ಬರೇ ಕಟ್ಟಲಿ ಅಂತ ಯಾರೂ ಲೆಕ್ಕ ಹಾಕಿರಲಿಲ್ಲ. ಯಾರಾದರೂ ನಾಲ್ಕು ಜನ ಸೇರಿ ಕಟ್ಟಬೇಕಾದ ಬೆಲೆ ಇದು. ನಾಲ್ಕು ಜನ ಸೇರುವುದಕ್ಕೇ ಅಲ್ವಾ ಸಂಘ ಅನ್ನುವುದು.

"ಪುಕ್ಕಟೆ ಇದೆಯಲ್ಲ?" ಅಂತ ಕೆಲವರು ಕೇಳುತ್ತೀರಿ, ಗೊತ್ತು. ಇದೆ. ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್. ಆ ಹುಡುಗಿಯ ಲ್ಯಾಪ್‌ಟಾಪ್‌ಗೆ ನಾನು ಅವತ್ತೇ ಅದನ್ನು ಹಾಕಿಕೊಟ್ಟೆ, ಹತ್ತು ನಿಮಿಷದ ಕೆಲಸ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಅನ್ನುವ ಯುವಕ ಶುರು ಮಾಡಿದರು, ಜೇಮ್ಸ್ ಟೆಹ್ ಅನ್ನುವ ಗೆಳೆಯ ಸೇರಿಕೊಂಡರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಚಿಕ್ಕವರಿದ್ದಾಗ ಒಂದು ಸಂಗೀತ ಶಿಬಿರದಲ್ಲಿ ಪರಿಚಯವಾದವರು. ಕಂಪ್ಯೂಟರ್‌ಗಿಂತ ಅದಕ್ಕೆ ಬಾಯಿ ಕೊಡುವುದಕ್ಕೇ ಜಾಸ್ತಿ ದುಡ್ಡು ಯಾಕೆ ಕೊಡಬೇಕು ಅಂತ ಅವರ ಪ್ರಶ್ನೆ. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಯಾರು ಬೇಕಾದರೂ ಅದರ ಕೋಡ್ ತಿದ್ದಬಹುದು. ಪೆನ್ ಡ್ರೈವ್‌ನಲ್ಲಿ ಇಟ್ಟುಕೊಂಡು ಹೋಗಿ ಬೇರೆಯವರ ಕಂಪ್ಯೂಟರ್‌ನಲ್ಲೂ ಓಡಿಸಬಹುದು. ನನ್ನ ಕೀ ಚೈನಿಗೆ ಮನೆ ಬೀಗದ ಕೈ ಜೊತೆ ಒಂದು ಪೆನ್ ಡ್ರೈವ್ ಯಾವಾಗಲೂ ಇರುತ್ತದೆ. ಅಂಗಡಿಯವನಿಗೆ ಇದು ಗೊತ್ತಿರಲಿಲ್ಲವೋ, ಪುಕ್ಕಟೆ ಮಾಲಿನಲ್ಲಿ ಕಮಿಷನ್ ಇಲ್ಲ ಅಂತ ಹೇಳಲಿಲ್ಲವೋ.

ಆದರೆ ಪುಕ್ಕಟೆ ಅನ್ನುವ ಪದದಿಂದ ನನಗೆ ಪೆಟ್ಟೂ ಬಿದ್ದಿದೆ.

2020ರ ಲಾಕ್‌ಡೌನ್. ಆಗ ನಾನಿದ್ದ ಕಂಪನಿ ಎಲ್ಲರನ್ನೂ ಮನೆಗೆ ಕಳಿಸಿ, ಕೆಲಸವನ್ನು ವರ್ಚುವಲ್ ಡೆಸ್ಕ್‌ಟಾಪ್‌ಗೆ ಹಾಕಿತು. ಅಂದರೆ ನಿಜವಾದ ಕಂಪ್ಯೂಟರ್ ಎಲ್ಲೋ ದೂರದಲ್ಲಿ, ಮನೆಯ ಪರದೆಯ ಮೇಲೆ ಬರುವುದು ಅದರ ಚಿತ್ರ ಮಾತ್ರ. ಕಣ್ಣಿರುವವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ನನ್ನ ಸ್ಕ್ರೀನ್ ರೀಡರ್‌ಗೆ ಆ ಚಿತ್ರದೊಳಗೆ ಓದುವುದಕ್ಕೆ ಒಂದಕ್ಷರವೂ ಇರಲಿಲ್ಲ. ಒಂದು ಸೋಮವಾರ ಬೆಳಗ್ಗೆ ಹತ್ತಕ್ಕೆ ಕೂತೆ, ಕಂಪ್ಯೂಟರ್ ಮೂಕ. ಸರಿಯಾದ ಲೈಸೆನ್ಸ್ ತಗೊಂಡರೆ ಜಾಸ್ ಆ ದೂರದ ಕಂಪ್ಯೂಟರಿನ ಮಾತನ್ನು ಇಲ್ಲಿಗೆ ತರಬಲ್ಲದು. ಕೊಡಿಸಿ ಅಂತ ಮೇಲ್ ಹಾಕಿದೆ. ಖರೀದಿ ವಿಭಾಗದಿಂದ ಒಂದೇ ಸಾಲಿನ ಉತ್ತರ ಬಂತು. ಪುಕ್ಕಟೆ ಸಾಫ್ಟ್‌ವೇರ್ ಲಭ್ಯವಿರುವಾಗ ಖರ್ಚು ಮಂಜೂರು ಮಾಡಲು ಬರುವುದಿಲ್ಲ ಅಂತ. ಅದೇ ತಿಂಗಳು ಅವರು ಎಲ್ಲರಿಗೂ ಬೆನ್ನುನೋವು ಬಾರದ ಕುರ್ಚಿ ಕಳಿಸಿದರು. ನನಗೂ ಬಂತು. ಒಳ್ಳೆ ಕುರ್ಚಿ. ಅದರಲ್ಲಿ ಕೂತು ಮಾಡುವುದಕ್ಕೆ ಕೆಲಸ ಇರಲಿಲ್ಲ, ಅಷ್ಟೇ.

ಮೂರು ವಾರ ಹೆಂಡತಿ ಪಕ್ಕದಲ್ಲಿ ಕೂತು ಓದಿ ಹೇಳಿದಳು. ಅವಳಿಗೂ ತನ್ನ ಶಾಲೆಯ ಆನ್‌ಲೈನ್ ಕ್ಲಾಸ್ ಇತ್ತು. ಕೊನೆಗೆ ಸಾಲ ಮಾಡಿ ನಾನೇ ಕೊಂಡೆ. ಬಿಲ್ಲಿನ ಕೆಳಗೆ ಶೇಕಡಾ 18 ಜಿಎಸ್‌ಟಿ ಬೇರೆ. ಆ ಕಂತು ಮುಗಿಯುವುದಕ್ಕೆ ಒಂದೂವರೆ ವರ್ಷ ಹಿಡಿಯಿತು. ನನ್ನ ಟೀಮಿನಲ್ಲಿ ಬೇರೆ ಯಾರೂ ಮಾನಿಟರ್ ಅನ್ನು ತಮ್ಮ ದುಡ್ಡಿನಿಂದ ಕೊಂಡದ್ದು ನನಗೆ ನೆನಪಿಲ್ಲ.

ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣ ಇದೆ. ನಿಮ್ಮ ಸಮಿತಿಗಳಲ್ಲಿ ಬ್ಯಾಂಕಿನವರಿದ್ದೀರಿ, ಕಂಪನಿ ಡೈರೆಕ್ಟರುಗಳಿದ್ದೀರಿ, ನಾಲ್ಕು ನಾಲ್ಕು ಹೋಟೆಲ್ ಇರುವವರಿದ್ದೀರಿ. ಭಾನುವಾರ ಸಂಘದ ಸ್ಟೇಜಿನ ಮೇಲೆ ಲ್ಯಾಪ್‌ಟಾಪ್ ಕೊಡುವ ಕೈ ಸೋಮವಾರ ಆಫೀಸಿನಲ್ಲಿ ಇಂಥ ಮೇಲ್‌ಗೆ ಸಹಿ ಹಾಕುವ ಕೈಯೂ ಆಗಿರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಒಮ್ಮೆ ತೆರೆದು ನೋಡಿ. ಸಮಾನ ಅವಕಾಶದ ನೀತಿ ಖಾಸಗಿ ಸಂಸ್ಥೆಗೂ ಇರಬೇಕು ಅಂತ ಅದರಲ್ಲಿದೆ. ಸರ್ಕಾರಿ ನೌಕರಿಯಲ್ಲಿ ಶೇಕಡಾ 4 ಮೀಸಲು, ಅದರಲ್ಲಿ 1 ಕಣ್ಣು ಕಾಣದವರಿಗೆ ಮತ್ತು ಮಂದದೃಷ್ಟಿಯವರಿಗೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಡಿಜಿಟಲ್ ಸೇವೆಗಳು ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತಲೇ ಹೇಳಿತು. ಬ್ಯಾಂಕಿನ ಕೆವೈಸಿಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅಂತ ಕೇಳುತ್ತಾರಲ್ಲ, ಆ ವಿಷಯದ ಕೇಸು. ಕಣ್ಣು ಮಿಟುಕಿಸಲಾಗದವರು ಏನು ಮಾಡಬೇಕು ಅಂತ ಕೇಳುವುದಕ್ಕೆ ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. ಇರಲಿ, ಕಾನೂನಿನ ಮಾತು ಸಾಕು.

ಕನ್ನಡಕ್ಕೆ ಬರುತ್ತೇನೆ. ಸಂಘದವರಿಗೆ ಬರೆಯುವಾಗ ಅದೇ ಮುಖ್ಯ.

ಆ ಹುಡುಗಿಯ ಹತ್ತಿರ ಒಂದು ಸಾಧಾರಣ ಆಂಡ್ರಾಯ್ಡ್ ಫೋನ್ ಇದೆ. ಅದರಲ್ಲಿ ಟಾಕ್‌ಬ್ಯಾಕ್ ಅನ್ನುವ ಸ್ಕ್ರೀನ್ ರೀಡರ್ ಇದೆ, ಗೂಗಲ್‌ನ ಕನ್ನಡ ದನಿ ಇದೆ, ವಾಟ್ಸಾಪ್‌ನಲ್ಲಿ ಅಜ್ಜಿ ಮನೆಯವರು ಕಳಿಸಿದ ಕನ್ನಡ ಮೆಸೇಜನ್ನು ಸ್ಪಷ್ಟವಾಗಿ ಓದುತ್ತದೆ. ದುಡ್ಡು ಕೊಟ್ಟಿಲ್ಲ. ಅದರ ಮೂರು ಪಟ್ಟು ಬೆಲೆಯ ಲ್ಯಾಪ್‌ಟಾಪ್‌ಗೆ ಬಂದರೆ, ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ಅನ್ನುವ ದನಿ ಕನ್ನಡ ಓದುತ್ತದೆ ನಿಜ, ಆದರೆ ಬಾವಿಯೊಳಗೆ ಬಿದ್ದ ರೋಬೋಟ್ ಹಳಗನ್ನಡ ಹೇಳಿದ ಹಾಗೆ. ನನಗೆ ಅಭ್ಯಾಸವಾಗಿದೆ. ನಿಜ ಹೇಳಬೇಕೆಂದರೆ ಜೋರು ಸ್ಪೀಡಿನಲ್ಲಿ ಕೇಳುವುದಕ್ಕೆ ಅದೇ ವಾಸಿ, ನೀವು ಬಂದು ಕೂತರೆ ನಿಮಗೆ ಒಂದು ಪದವೂ ಹಿಡಿಯುವುದಿಲ್ಲ ಅಷ್ಟು ವೇಗದಲ್ಲಿ ನಾನು ಕೇಳುತ್ತೇನೆ. ಆದರೆ ಹೊಸಬರು, ಮಕ್ಕಳು, ಅರವತ್ತರ ಮೇಲೆ ಕಣ್ಣು ಹೋದ ಹಿರಿಯರು ಆ ದನಿ ಕೇಳಿದ ಕೂಡಲೇ ಇಯರ್‌ಫೋನ್ ತೆಗೆದು ಇಡುತ್ತಾರೆ. ಕಿವಿಗೆ ಹಿತವಾದ ದನಿ ಬೇಕಾದರೆ ಅದಕ್ಕೂ ಬೇರೆ ಕಂಪನಿಗಳಿಗೆ ದುಡ್ಡು ಕೊಟ್ಟು ಸೇರಿಸಿಕೊಳ್ಳಬೇಕು. ನೋಡಿ, ಪುಕ್ಕಟೆಗೂ ಬಾಲ ಇದೆ.

ಇನ್ನೊಂದು ದೊಡ್ಡ ತಾಪತ್ರಯ ನೀವೇ ಮಾಡಿಟ್ಟದ್ದು. ನಿಮ್ಮ ಸ್ಮರಣ ಸಂಚಿಕೆಗಳು. ವಾರ್ಷಿಕ ವರದಿಗಳು. ಇವತ್ತಿಗೂ ಡಿಟಿಪಿಯವರು ಅವನ್ನು ಹಳೆಯ ನುಡಿ ಫಾಂಟಿನಲ್ಲಿ ಕೂರಿಸುತ್ತಾರೆ, ಆ ಪಿಡಿಎಫ್ ಅನ್ನು ನೀವು ಮೇಲ್ ಮಾಡುತ್ತೀರಿ. ಕಣ್ಣಿಗೆ ಅದು ಮುದ್ದಾದ ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಮೇಲೆ ಕನ್ನಡದ ಮುಖವಾಡ. "ಕನ್ನಡ" ಅನ್ನುವ ಒಂದೇ ಒಂದು ಪದ ಬಂದರೆ ನನ್ನ ಕಂಪ್ಯೂಟರ್‌ಗೆ ಸಿಗುವುದು ಏನು ಗೊತ್ತಾ? ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್, ಶಾರ್ಪ್ ಎಸ್, ಕ್ಯೂ, ಎ ಗ್ರೇವ್. ಮಧ್ಯದಲ್ಲಿ ಇಂಗ್ಲೆಂಡಿನ ಪೌಂಡ್ ಚಿಹ್ನೆ! ನೂರು ಪುಟದ ಸಂಚಿಕೆ ಪೂರ್ತಿ ಹೀಗೆ. ಕನ್ನಡದ ಬಗ್ಗೆ ಕಣ್ಣೀರು ತರಿಸುವ ಅಧ್ಯಕ್ಷರ ಭಾಷಣ ಕೂಡ ಪೌಂಡು, ಗ್ರೇವು.

ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ನಂಬರ್ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಅಂತ ಕನ್ನಡ ಫಾಂಟು ಬಂತು. ನುಡಿ, ಬರಹ ತಂತ್ರಾಂಶಗಳಲ್ಲೂ ಯುನಿಕೋಡ್ ಸಿಗುತ್ತದೆ, ಡಿಟಿಪಿಯವರಿಗೆ ಹೇಳಿದರೆ ಮಾಡಿಕೊಡುತ್ತಾರೆ. ಇದಕ್ಕೆ ಖರ್ಚಿಲ್ಲ, ಹಟ ಬೇಕು. ಮುದ್ರಣಕ್ಕೆ ಹಳೇ ಫಾಂಟೇ ಬೇಕು ಅಂತ ಅವರು ಹೇಳಿದರೆ ಆಗಲಿ, ನಮಗೆ ಬರೀ ಪಠ್ಯವನ್ನು ಯುನಿಕೋಡ್‌ಗೆ ಬದಲಾಯಿಸಿ ಒಂದು ವರ್ಡ್ ಫೈಲ್ ಕಳಿಸಿ. ನಮಗೆ ಅಂಚಿನ ಬಣ್ಣ ಬಳ್ಳಿ ಬೇಡ.

ಮಧ್ಯದಲ್ಲಿ ಒಂದು ಮಾತು. ನಿಮ್ಮ ಮೊಮ್ಮಕ್ಕಳಿಗೆ ಮನೆಯಲ್ಲಿ ಕನ್ನಡ ಮಾತಾಡುವುದಕ್ಕೆ ಬಂದರೂ ಓದಲು ಬರುವುದಿಲ್ಲ ಅಂತ ಎಲ್ಲ ಸಭೆಯಲ್ಲೂ ಬೇಜಾರು ಮಾಡಿಕೊಳ್ಳುತ್ತೀರಿ. ಈ ಹುಡುಗಿಗೆ ಬರುತ್ತದೆ. ಅವಳು ಶಾಲೆಯಲ್ಲಿ ಕಲಿತದ್ದು ಮರಾಠಿ ಬ್ರೈಲ್. ಆದರೆ 1951ರಲ್ಲಿ ಬಂದ ಭಾರತಿ ಬ್ರೈಲ್‌ನಲ್ಲಿ ಮರಾಠಿಯ ಕ, ಕನ್ನಡದ ಕ ಎರಡಕ್ಕೂ ಅವೇ ಚುಕ್ಕಿಗಳು. ಲಿಪಿ ಬೇರೆ ಅನ್ನುವ ಗೋಡೆಯೇ ಬೆರಳಿಗಿಲ್ಲ. ನನ್ನ ಹತ್ತಿರ ಇದ್ದ ಒಂದು ಕನ್ನಡ ಬ್ರೈಲ್ ಕತೆ ಪುಸ್ತಕ ಕೊಟ್ಟೆ, ತಡವರಿಸುತ್ತಾ ಮೊದಲ ಪುಟ ಓದಿಬಿಟ್ಟಳು. ಅವಳ ಅಮ್ಮ ಅತ್ತರು. ಕಂಪ್ಯೂಟರ್‌ಗೆ ಜೋಡಿಸಿ ಬೆರಳಿನಲ್ಲಿ ಓದುವ ಬ್ರೈಲ್ ಡಿಸ್‌ಪ್ಲೇ ಸಿಕ್ಕಿದರೆ ಪುಸ್ತಕದ ರಾಶಿಯೇ ಅವಳ ಮುಂದಿರುತ್ತದೆ, ಆದರೆ ಒಳ್ಳೆಯದಕ್ಕೆ ಲಕ್ಷದ ಮೇಲೆ. ಅದರ ಕತೆ ಜಾಸ್‌ಗಿಂತ ದೊಡ್ಡದು, ಈಗ ಬೇಡ.

ಹಾಗಾದರೆ ಏನು ಮಾಡಬೇಕು ಅಂತೀರಿ.

ಲ್ಯಾಪ್‌ಟಾಪ್ ಕೊಡುವುದನ್ನು ನಿಲ್ಲಿಸಬೇಡಿ ದಯವಿಟ್ಟು. ಕೊಡುವ ಮೊದಲು ಅದಕ್ಕೆ ಎನ್‌ವಿಡಿಎ ಹಾಕಿಸಿ ಕೊಡಿ. ಸ್ಟೇಜಿನ ಮೇಲೆ ಕೊಡುವಾಗಲೇ ಅದು ಮಾತಾಡಲಿ, ಮೈಕಿಗೆ ಹಿಡಿಯಿರಿ ಬೇಕಾದರೆ, ಫೋಟೋಗಿಂತ ಚೆನ್ನಾಗಿರುತ್ತದೆ. ಆಮೇಲೆ ಕಲಿಸುವವರನ್ನು ಕೊಡಿ. ಹೊಲಿಗೆ ಯಂತ್ರ ಕೊಟ್ಟಾಗ ಹೊಲಿಗೆ ಕ್ಲಾಸಿಗೂ ಕಳಿಸುತ್ತೀರಲ್ಲ, ಹಾಗೆ. ಸ್ಕ್ರೀನ್ ರೀಡರ್ ಅಂದರೆ ಮೌಸ್ ಮರೆತುಬಿಡುವುದು, ನೂರಾರು ಕೀ ಹೊಂದಾಣಿಕೆಗಳನ್ನು ಬೆರಳಿಗೆ ಕಲಿಸುವುದು. ಎಚ್ ಒತ್ತಿದರೆ ಪುಟದ ಮುಂದಿನ ಶೀರ್ಷಿಕೆಗೆ ಹೋಗಬಹುದು ಅನ್ನುವುದು ಗೊತ್ತಿಲ್ಲದೆ, ಒಂದು ವೆಬ್ ಪುಟವನ್ನು ಮೇಲಿಂದ ಕೆಳಗಿನವರೆಗೆ ಜಾಹೀರಾತು ಸಮೇತ ಕೇಳುತ್ತಾ ಕೂತ ಎಷ್ಟೋ ಜನರನ್ನು ನಾನು ನೋಡಿದ್ದೇನೆ. ಮೂರು ತಿಂಗಳಾದರೂ ವಾರಕ್ಕೆರಡು ದಿನ ಯಾರಾದರೂ ಪಕ್ಕದಲ್ಲಿ ಕೂರಬೇಕು. ಮುಂಬೈಯಲ್ಲಿ ಕಲಿಸುವ ಜಾಗಗಳೂ ಇವೆ. ವರ್ಲಿಯಲ್ಲಿ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್ ಇದೆ, ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 2003ರಿಂದ ಒಂದು ಸಂಪನ್ಮೂಲ ಕೇಂದ್ರ ಇದೆ. ಆದರೆ ಬದ್ಲಾಪುರ, ವಾಂಗಣಿ ಕಡೆಯಿಂದ ಒಬ್ಬ ಹುಡುಗಿ ದಿನಾ ಅಲ್ಲಿಗೆ ಹೋಗಿ ಬರುವುದು ಅಂದರೆ ಏನು ಅಂತ ಬೆಳಗ್ಗೆ ಎಂಟರ ಲೋಕಲ್ ಹತ್ತಿದವರಿಗೆ ನಾನು ಹೇಳಬೇಕಾಗಿಲ್ಲ. ವಾಂಗಣಿಯಲ್ಲಿ ಕಣ್ಣು ಕಾಣದವರ ಎಷ್ಟೋ ಸಂಸಾರಗಳಿವೆ, ಬಾಡಿಗೆ ಕಡಿಮೆ ಅಂತ ಅಷ್ಟು ದೂರ ಹೋದವರು. ಕಲಿಸುವವರ ಹೋಗಿಬರುವ ಖರ್ಚು, ಒಂದಿಷ್ಟು ಸಂಭಾವನೆ ಸಂಘ ಕೊಡಲಿ. ಸಂಘದ ಹಾಲ್ ವಾರದ ದಿನಗಳಲ್ಲಿ ಖಾಲಿ ಇರುತ್ತದೆ, ಮದುವೆ ಇಲ್ಲದ ದಿನ ನಮಗೆ ಕೊಡಿ.

ಜಾಸ್ ಇಲ್ಲದೆ ಕೆಲಸ ನಡೆಯದೇ ಇರುವವರು ಇದ್ದೇ ಇರುತ್ತಾರೆ, ನನ್ನ ಹಾಗೆ. ಅವರಿಗೆ ನೀವು ದುಡ್ಡು ಕೊಡುವುದಕ್ಕಿಂತ ಒಂದು ಪತ್ರ ಕೊಡಿ. ಸಂಘದ ಲೆಟರ್‌ಹೆಡ್‌ನಲ್ಲಿ, ಅವರ ಕಂಪನಿಗೆ. ಇದು ಈ ನೌಕರನ ಕೆಲಸದ ಸಾಮಾನು, ನೀವೇ ಕೊಡಿಸಬೇಕು ಅಂತ. ನಾನೊಬ್ಬನೇ ಬರೆದಾಗ ಒಂದು ಸಾಲಿನ ಉತ್ತರ ಬಂತು. ನೂರು ವರ್ಷ ಹತ್ತಿರದ ಸಂಘವೊಂದು ಬರೆದರೆ ಎರಡು ಸಾಲಾದರೂ ಬರಬಹುದು. ಕೆಲಸ ಹುಡುಕುತ್ತಿರುವವರಿಗೆ, ಸಂದರ್ಶನದ ತಯಾರಿಗೆ, ನಾಲ್ಕೈದು ಸಂಘ ಸೇರಿ ಎರಡು ಲೈಸೆನ್ಸ್ ಕೊಂಡು ಹಾಲಿನ ಮೂಲೆಯ ಎರಡು ಕಂಪ್ಯೂಟರ್‌ಗಳಲ್ಲಿ ಇಟ್ಟರೂ ಆಗುತ್ತದೆ. ಅಲ್ಲಿಯಾದರೂ 40 ನಿಮಿಷದ ಗಡಿಯಾರ ಇಲ್ಲದೆ ಕಲಿಯಲಿ.

ಎನ್‌ವಿಡಿಎ ಮಾಡುವ ಆಸ್ಟ್ರೇಲಿಯಾದವರು ದೇಣಿಗೆಯಿಂದ ಬದುಕುತ್ತಾರೆ. ಅದನ್ನು ಬಳಸುವ ನಮ್ಮಲ್ಲಿ ಎಷ್ಟು ಜನ ಒಂದು ರೂಪಾಯಿ ಕೊಟ್ಟಿದ್ದೇವೆ ಅಂತ ಕೇಳಿದರೆ ನನ್ನ ತಲೆಯೂ ತಗ್ಗುತ್ತದೆ. ನಾನು ಮೊದಲ ಸಲ ಕೊಟ್ಟದ್ದು ಹೋದ ವರ್ಷ. ಒಂದು ಕಾರ್ಯಕ್ರಮದಲ್ಲಿ ನೀವು ಹಾಕುವ ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿಗಳಲ್ಲಿ ಎರಡು ಕಡಿಮೆ ಮಾಡಿ, ಆ ದುಡ್ಡು ಅವರಿಗೆ ಹೋಗಲಿ. (ಏಲಕ್ಕಿ ಹಾರ ಹಾಕಿಸಿಕೊಂಡ ಮುಖ್ಯ ಅತಿಥಿ ಅದನ್ನು ಮನೆಗೆ ಹೋಗಿ ಏನು ಮಾಡುತ್ತಾರೆ ಅಂತ ನನಗೆ ಬಹಳ ದಿನದ ಕುತೂಹಲ.)

ನಿಮ್ಮ ಗ್ರಂಥಾಲಯಗಳ ಬಗ್ಗೆಯೂ ಹೇಳಬೇಕು. ಬೀಗ ಹಾಕಿದ ಕಪಾಟುಗಳಲ್ಲಿ ಹಳೇ ಕನ್ನಡ ಪುಸ್ತಕಗಳಿವೆ. 2012ರ ಕಾಪಿರೈಟ್ ತಿದ್ದುಪಡಿಯ ಪ್ರಕಾರ ಅಂಗವೈಕಲ್ಯದಿಂದ ಓದಲಾಗದವರಿಗೋಸ್ಕರ, ಲಾಭಕ್ಕಲ್ಲದೆ, ಪುಸ್ತಕವನ್ನು ಓದಲು ಬರುವ ರೂಪಕ್ಕೆ ಬದಲಾಯಿಸುವುದು ತಪ್ಪಲ್ಲ. ಇಂಥ ಪುಸ್ತಕಗಳ ಅಂತಾರಾಷ್ಟ್ರೀಯ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದೇ. 2016ರಿಂದ ಸುಗಮ್ಯ ಪುಸ್ತಕಾಲಯ ಅಂತ ಆನ್‌ಲೈನ್ ಗ್ರಂಥಾಲಯವೂ ಇದೆ. ಸಂಘದ ಕಾಲೇಜು ಹುಡುಗರು ವಾರಕ್ಕೊಂದು ಪುಸ್ತಕ ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸುವ ಸಾಫ್ಟ್‌ವೇರ್‌ಗೆ ಹಾಕಿ, ತಪ್ಪು ತಿದ್ದಿದರೆ ಸಾಕು. ಟೆಸರಾಕ್ಟ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಕನ್ನಡ ಗುರುತಿಸುತ್ತದೆ. ಒತ್ತಕ್ಷರಗಳಲ್ಲಿ ಎಡವುತ್ತದೆ, ಹಾಗಾಗಿ ತಿದ್ದುವ ಕಣ್ಣು ಬೇಕು. ಅದೊಂದು ನಮ್ಮ ಹತ್ತಿರ ಇಲ್ಲ ನೋಡಿ.

ಹುಡುಗಿಯ ಸುದ್ದಿ ಹೇಳಿ ಮುಗಿಸುತ್ತೇನೆ. ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬರುತ್ತಾಳೆ. ಟೈಪಿಂಗ್ ಸ್ಪೀಡ್ ನನಗಿಂತ ಜಾಸ್ತಿ ಆಗಿದೆ. ಎಕ್ಸೆಲ್ ಶುರು ಮಾಡಿದ್ದೇವೆ. ಅಮ್ಮನ ಹಪ್ಪಳದ ಲೆಕ್ಕವನ್ನೆಲ್ಲ ಅದರಲ್ಲಿ ಹಾಕಿದ್ದಾಳೆ, ಯಾರು ಎಷ್ಟು ಬಾಕಿ ಅಂತ ಈಗ ಬಿಲ್ಡಿಂಗ್‌ನವರಿಗೆಲ್ಲ ಹೆದರಿಕೆ.

ಹೋದ ವಾರ ಲ್ಯಾಪ್‌ಟಾಪ್‌ನಲ್ಲೇ ವಾಟ್ಸಾಪ್ ತೆರೆದು ತೋರಿಸುತ್ತಿದ್ದೆ. ಅವಳಿಗೆ ಲ್ಯಾಪ್‌ಟಾಪ್ ಕೊಟ್ಟ ಸಂಘದಿಂದಲೇ ಒಂದು ಆಮಂತ್ರಣ ಬಂದಿತ್ತು. ಯಾವ ಕಾರ್ಯಕ್ರಮ, ಯಾವ ದಿನ, ಎಷ್ಟು ಗಂಟೆಗೆ ಎಲ್ಲ ಇತ್ತಂತೆ, ಆಮೇಲೆ ನನ್ನ ಹೆಂಡತಿ ಬಂದು ನೋಡಿ ಹೇಳಿದಳು. ಕಂಪ್ಯೂಟರ್ ನಮಗಿಬ್ಬರಿಗೆ ಹೇಳಿದ್ದು "ಫೋಟೋ" ಅಂತ ಒಂದೇ ಪದ. ಆಮಂತ್ರಣದ ಕೆಳಗೆ ನಾಲ್ಕು ಸಾಲು ಟೈಪ್ ಮಾಡಿ ಕಳಿಸಿ. ದಿನ, ಹೊತ್ತು, ಜಾಗ, ಊಟ ಇದೆಯೋ ಇಲ್ಲವೋ. ಅವಳು ಬರುತ್ತಾಳೆ. ನಾನೂ ಬರುತ್ತೇನೆ, ಪೆನ್ ಡ್ರೈವ್ ತರುತ್ತೇನೆ.

ಇಂತಿ,
ನಿಮ್ಮ ಡೊಂಬಿವಲಿಯ ಒಬ್ಬ ಸದಸ್ಯ
(ಹೋದ ವರ್ಷದ ಚಂದಾ ಬಾಕಿ ಇದೆ, ಆನ್‌ಲೈನ್ ಫಾರ್ಮಿನಲ್ಲಿ ಚಿತ್ರದೊಳಗಿನ ಅಕ್ಷರ ಗುರುತಿಸಿ ಅನ್ನುವ ಕ್ಯಾಪ್ಚಾ ನನಗೆ ಓದಲು ಬರಲಿಲ್ಲ)